ಮಂಗಲೇಶನ ಮನಸ್ಸು: ಮನೋವಿಶ್ಲೇಷಣೆಯ ಸಾಧ್ಯತೆ ಮತ್ತು ಮಿತಿ

ದಬ್ಬಾಳಿಕೆ ನಡೆಸಿದ ಆಳರಸರ ಕ್ರೌರ್ಯಕ್ಕೆ ಅವರ ಬಾಲ್ಯದಲ್ಲಿ, ಕುಟುಂಬ ಸಂಬಂಧಗಳಲ್ಲಿ ಕಾರಣ ಹುಡುಕುವುದು ಮನೋವಿಶ್ಲೇಷಣೆಯು ಇಪ್ಪತ್ತನೆಯ ಶತಮಾನದಲ್ಲಿ ರೂಢಿಸಿದ ಕ್ರಮ. ಅಮೆರಿಕದ ಗುಪ್ತಚರ ಸಂಸ್ಥೆಗಾಗಿ ವಾಲ್ಟರ್ ಲ್ಯಾಂಗರ್ 1943ರಲ್ಲಿ ಸಿದ್ಧಪಡಿಸಿದ ಹಿಟ್ಲರನ ಮನೋಚಿತ್ರಣ ಇದಕ್ಕೆ ಪ್ರಸಿದ್ಧ ಉದಾಹರಣೆ. ಅದು ಗ್ರಂಥವಾಗಿ ಹೊರಬಂದದ್ದು 1972ರಲ್ಲಿ. ಹಿಟ್ಲರ್ ಆತ್ಮಹತ್ಯೆ ಮಾಡಿಕೊಳ್ಳುವ ಸಂಭವವೇ ಹೆಚ್ಚೆಂದು ಲ್ಯಾಂಗರ್ ಊಹಿಸಿದ್ದರು. 1945ರಲ್ಲಿ ಹಾಗೆಯೇ ಆಯಿತು. ಆದರೆ ಊಹೆ ಫಲಿಸಿತೆಂಬ ಮಾತ್ರಕ್ಕೆ ಅದರ ಹಿಂದಿನ ಬಾಲ್ಯದ ವಿವರಣೆ ಸಿದ್ಧವಾದಂತಾಗದು. ಲ್ಯಾಂಗರ್ ಹಿಟ್ಲರನನ್ನು ಪರೀಕ್ಷಿಸಿದ ವೈದ್ಯರಲ್ಲ. ಅವನನ್ನು ಬಲ್ಲವರ ಹೇಳಿಕೆಗಳು ಹಾಗೂ ಬರಹಗಳೇ ಅವರಿಗಿದ್ದ ಆಕರ.

ಈ ಕ್ರಮವನ್ನು ಬಾದಾಮಿ ಚಲುಕ್ಯರ ಮಂಗಲೇಶನಿಗೆ ಅನ್ವಯಿಸಿದರೆ ಅದರ ಮಿತಿ ಇನ್ನಷ್ಟು ಸ್ಪಷ್ಟವಾಗುತ್ತದೆ. ಮಂಗಲೇಶ ಆಧುನಿಕ ಅರ್ಥದ ಸರ್ವಾಧಿಕಾರಿಯಲ್ಲ, ವಂಶಪಾರಂಪರ್ಯದ ಅರಸ. ಆದರೂ ಅಣ್ಣನ ಮಗನಿಗೆ ಸಲ್ಲಬೇಕಾದ ಪಟ್ಟವನ್ನು ಬಿಟ್ಟುಕೊಡದ ಚಿಕ್ಕಪ್ಪನೆಂದೇ ಚರಿತ್ರೆ ಅವನನ್ನು ನೆನೆಯುತ್ತದೆ. ಈ ಚಿತ್ರಕ್ಕೆ ಮುಖ್ಯ ಆಧಾರ ಹುನಗುಂದ ತಾಲ್ಲೂಕಿನ ಐಹೊಳೆಯ ಮೇಗುಟಿಯಲ್ಲಿರುವ, ಕ್ರಿ.ಶ. 634ರ ರವಿಕೀರ್ತಿಯ ಶಾಸನ. ಮಂಗಲೇಶನ ಅಸೂಯೆ, ರಾಜ್ಯವನ್ನು ಸ್ವಂತ ಮಗನಿಗೆ ಉಳಿಸುವ ಹವಣಿಕೆ, ಇಮ್ಮಡಿ ಪುಲಕೇಶಿಯ ನಿರ್ಗಮನ, ಕೊನೆಗೆ ಚಿಕ್ಕಪ್ಪ ರಾಜ್ಯವನ್ನೂ ಪ್ರಾಣವನ್ನೂ ಕಳೆದುಕೊಂಡದ್ದು ಅಲ್ಲಿ ನಿರೂಪಿತವಾಗಿವೆ. ಗಮನಿಸಬೇಕಾದುದೆಂದರೆ, ರವಿಕೀರ್ತಿ ಗೆದ್ದವನ ಆಶ್ರಯದ ಕವಿ. ಅವನು ಬರೆದದ್ದು ಮಂಗಲೇಶ ಅಳಿದು ಸುಮಾರು ಕಾಲು ಶತಮಾನದ ನಂತರ.

ಮಂಗಲೇಶನದೇ ಶಾಸನಗಳು ಬೇರೆ ಮಾತನ್ನು ಹೇಳುತ್ತವೆ. ಬಾದಾಮಿಯ ಮೂರನೆಯ ಗುಹೆಯಲ್ಲಿರುವ ಕ್ರಿ.ಶ. 578ರ ಶಾಸನದಲ್ಲಿ ಅವನು ವಿಷ್ಣುಗೃಹದ ದಾನದ ಪುಣ್ಯವನ್ನು ಅಣ್ಣ ಕೀರ್ತಿವರ್ಮನಿಗೆ ಅರ್ಪಿಸಿ, ತನಗೆ ಅಣ್ಣನ ಶುಶ್ರೂಷೆಯ ಫಲವನ್ನಷ್ಟೇ ಬೇಡುತ್ತಾನೆ. ತಾನೇ ಅರಸನಾದ ಮೇಲೆ ಹಾಕಿಸಿದ ಮಹಾಕೂಟದ ಸ್ತಂಭಶಾಸನವೂ ಕೀರ್ತಿವರ್ಮನ ವಿಜಯಗಳನ್ನು ವಿಸ್ತಾರವಾಗಿ ಕೊಂಡಾಡುತ್ತದೆ.

ಮನೋವಿಶ್ಲೇಷಕನಿಗೆ ಇದು ತೊಡಕೆನಿಸದಿರಬಹುದು. ಅತಿಯಾದ ಭ್ರಾತೃಭಕ್ತಿಯು ಅದುಮಿಟ್ಟ ಅಸೂಯೆಯ ಮರೆವೇಷವೆಂದು ಅವನು ಹೇಳಬಲ್ಲ. ಆದರೆ ಅಸೂಯೆ ಕಂಡರೆ ಅಸೂಯೆ, ಭಕ್ತಿ ಕಂಡರೂ ಅಸೂಯೆ ಎನ್ನುವ ವ್ಯಾಖ್ಯಾನವನ್ನು ಯಾವ ಸಾಕ್ಷ್ಯವೂ ಅಲ್ಲಗಳೆಯಲಾರದು. ಚಿಕಿತ್ಸೆಯ ಸಂದರ್ಭದಲ್ಲಿ ರೋಗಿ ಮಾತನಾಡುತ್ತಾನೆ, ವಿಶ್ಲೇಷಕನ ಅರ್ಥವನ್ನು ಪ್ರತಿಭಟಿಸುತ್ತಾನೆ. ಶಾಸನದ ಅರಸನಿಗೆ ಆ ಅವಕಾಶವಿಲ್ಲ. ಪಾಠದ ಎಚ್ಚರವೂ ಇಲ್ಲಿ ಅನಿವಾರ್ಯ. ಲಿಯೊನಾರ್ಡೊ ಡ ವಿಂಚಿಯನ್ನು ಕುರಿತ 1910ರ ಪ್ರಬಂಧದಲ್ಲಿ ಫ್ರಾಯ್ಡ್ ತಪ್ಪು ಅನುವಾದವನ್ನು ನಂಬಿ, ಮೂಲದ ಹದ್ದನ್ನು ರಣಹದ್ದೆಂದು ತಿಳಿದು, ಅದರ ಮೇಲೆ ತಾಯಿಯ ಸಂಕೇತವನ್ನು ಕಟ್ಟಿದ್ದು ಪ್ರಸಿದ್ಧ.

ಹಾಗಾದರೆ ಈ ಕ್ರಮ ನಿರುಪಯುಕ್ತವೇ? ಜಾನಪದದ ದೃಷ್ಟಿಯಿಂದ ಹಾಗೆನ್ನಲಾಗದು. ಹಕ್ಕುದಾರ ರಾಜಕುಮಾರ, ಅಸೂಯೆಪಡುವ ಹಿರಿಯ, ನಾಡು ಬಿಟ್ಟು ತಿರುಗಾಟ, ಬಲಗೂಡಿಸಿಕೊಂಡು ಮರಳುವಿಕೆ ಇವು ನಮ್ಮ ರಾಜಕುಮಾರರ ಕಥೆಗಳ ಪರಿಚಿತ ಆಶಯಗಳು. ರವಿಕೀರ್ತಿಯ ಪದ್ಯಗಳು ಇದೇ ಜಾಡಿನಲ್ಲಿ ಸಾಗುತ್ತವೆ. ಭಾರತೀಯ ಈಡಿಪಸ್ ಕುರಿತ ಪ್ರಬಂಧದಲ್ಲಿ ಎ.ಕೆ. ರಾಮಾನುಜನ್, ನಮ್ಮ ಕಥನಗಳಲ್ಲಿ ಆಕ್ರಮಣ ಬಹುಮಟ್ಟಿಗೆ ಹಿರಿಯನಿಂದ ಕಿರಿಯನ ಕಡೆಗೆ ಹರಿಯುವುದನ್ನು ಗುರುತಿಸಿದರು. ಮೇಗುಟಿ ಶಾಸನಕ್ಕೆ ಈ ಮಾತು ಒಪ್ಪುತ್ತದೆ. ಆದರೆ ಆಗ ನಾವು ಓದುತ್ತಿರುವುದು ಮಂಗಲೇಶನ ಸುಪ್ತಮನಸ್ಸನ್ನಲ್ಲ. ಚಿಕ್ಕಪ್ಪನ ವಧೆಯನ್ನು ಸಮರ್ಥಿಸಿಕೊಳ್ಳಬೇಕಾಗಿದ್ದ ಆಸ್ಥಾನವೊಂದರ ಅಳುಕನ್ನು.

ಬಾದಾಮಿಯ ಸ್ಥಳಪುರಾಣಕ್ಕೆ ಸೇರಿದ ವಾತಾಪಿ-ಇಲ್ವಲರ ಕಥೆ ಇಲ್ಲಿ ನೆರವಾಗುತ್ತದೆ. ಮಹಾಭಾರತದ ವನಪರ್ವದಲ್ಲಿ ಇಲ್ವಲ ಇಂದ್ರಸಮಾನ ಮಗನನ್ನು ಬೇಡುತ್ತಾನೆ. ಬ್ರಾಹ್ಮಣನೊಬ್ಬ ನಿರಾಕರಿಸಿದ ಸಿಟ್ಟಿನಿಂದ ಅವನ ಕೊಲೆಗಡುಕತನ ಆರಂಭವಾಗುತ್ತದೆ. ಟಗರಾದ ತಮ್ಮನನ್ನು ಬೇಯಿಸಿ ಅತಿಥಿಗೆ ಬಡಿಸಿ, ಹೆಸರು ಹಿಡಿದು ಕರೆದು, ಹೊಟ್ಟೆ ಸೀಳಿಸಿ ಹೊರತರುತ್ತಾನೆ. ಅಗಸ್ತ್ಯನು ವಾತಾಪಿಯನ್ನು ಜೀರ್ಣಿಸಿಕೊಂಡಾಗಲೇ ಈ ಆಟ ನಿಲ್ಲುವುದು. ಪೀಡಕನ ಮನಸ್ಸಿನ ಗಾಯವನ್ನು ಕಥೆ ಮುಚ್ಚಿಡುವುದಿಲ್ಲ, ಅದನ್ನು ಕ್ಷಮೆಗೆ ಕಾರಣವಾಗಿಯೂ ಮಾಡುವುದಿಲ್ಲ. ಅವನ ಬಲವಿದ್ದುದು ಗಾಯದಲ್ಲಲ್ಲ. ಬಡಿಸಿದ್ದನ್ನು ಉಣ್ಣಲೇಬೇಕೆಂಬ ಅತಿಥಿಧರ್ಮದಲ್ಲಿ ಎಂಬುದನ್ನೂ ಕಥೆ ಬಲ್ಲದು.

ಎರಿಕ್ ಫ್ರಾಮ್ 1941ರಲ್ಲಿ ಸರ್ವಾಧಿಕಾರಿಯ ಜೊತೆಗೆ ಅವನಿಗೆ ಶರಣಾಗುವ ಜನರ ಮನಸ್ಸನ್ನೂ ಪ್ರಶ್ನಿಸಿದ್ದು ಈ ಕಾರಣದಿಂದಲೇ ಮಹತ್ವದ್ದು. ದಬ್ಬಾಳಿಕೆಯ ಹೊಣೆಯನ್ನೆಲ್ಲ ಒಬ್ಬನ ವಿಕೃತಿಗೆ ಕಟ್ಟಿದರೆ ಅವನ ಸಾಮಂತರು, ದಂಡಾಳುಗಳು, ಹೊಗಳಿ ಬರೆದವರು ವಿಚಾರಣೆಯಿಂದ ತಪ್ಪಿಸಿಕೊಳ್ಳುತ್ತಾರೆ. ಆದುದರಿಂದ ಸಂಶೋಧಕನು ಮೊದಲು ಪಾಠವನ್ನು, ಅನಂತರ ನಿರೂಪಕನನ್ನು ಪರಿಶೀಲಿಸಬೇಕು. ವ್ಯಕ್ತಿಯ ಮನಸ್ಸನ್ನು ಕುರಿತ ಮಾತು ಕೊನೆಯದಾಗಬೇಕು. ಮಂಗಲೇಶನ ವಿಷಯದಲ್ಲಿ ಬಾದಾಮಿ, ಮಹಾಕೂಟ, ಐಹೊಳೆಗಳ ಮೂರೂ ಶಾಸನಗಳನ್ನು ಒಟ್ಟಿಗಿರಿಸಿ ಓದುವವರೆಗೆ ಅವನ ಮೇಲಿನ ತೀರ್ಪು ರವಿಕೀರ್ತಿಯದಾಗಿಯೇ ಉಳಿಯುತ್ತದೆ.