ದ್ವೀಪಯಾತ್ರೆಯ ಮೂರು ಹಾಳೆಗಳು

ನಮ್ಮಲ್ಲಿ ಕಾದಂಬರಿಗೆ ವಿಮರ್ಶೆಯುಂಟು, ಕವನ ಸಂಗ್ರಹಕ್ಕುಂಟು, ನಾಟಕಕ್ಕೂ ಉಂಟು. ಆದರೆ ಪ್ರವಾಸದ ಕಂಪನಿಗಳು ಅಚ್ಚು ಹಾಕಿಸಿ ಹಂಚುವ ಬಣ್ಣದ ಹಾಳೆಗಳನ್ನು ಯಾರೂ ವಿಮರ್ಶಿಸಿದಂತೆ ಕಾಣೆ. ಕವನ ಸಂಗ್ರಹವನ್ನು ಕೊಂಡು ಓದುವವರಿಗಿಂತ ಈ ಹಾಳೆಗಳನ್ನು ಓದುವವರು ಹೆಚ್ಚು. ಓದಿ ಮೆಚ್ಚಿ ತಲೆದೂಗಿ ಸುಮ್ಮನಾಗುವವರಲ್ಲ ಅವರು, ಹಣವನ್ನು ಎಣಿಸಿ ಕೊಡುವವರು. ಹಾಗಿದ್ದಮೇಲೆ ಈ ಬರವಣಿಗೆಯ ಗುಣದೋಷಗಳನ್ನು ಒಮ್ಮೆ ನೋಡುವುದು ತಪ್ಪಲ್ಲವೆಂದು ಭಾವಿಸಿದ್ದೇನೆ. ವಾಚಕರು ಕ್ಷಮಿಸಬೇಕು.

ಈ ಕೆಲಸ ನಾನಾಗಿ ಹುಡುಕಿಕೊಂಡದ್ದಲ್ಲ. ನನ್ನ ಹುಟ್ಟೂರು ಬಬಲೇಶ್ವರ, ಮೇಷ್ಟರಿಕೆ ವಿಜಯಪುರದಲ್ಲಿ. ಅಕ್ಕನನ್ನು ಕೊಟ್ಟದ್ದು ತಿಕೋಟೆಗೆ. ಅವಳ ಮಗ ಬೆಂಗಳೂರಿನಲ್ಲಿ ನೌಕರಿಗಿದ್ದಾನೆ. ಈ ಸಲ ಒಣದ್ರಾಕ್ಷಿಗೆ ಬೆಲೆ ಬಂತು. ಅವ್ವ ಹುಟ್ಟಿದಾಗಿನಿಂದ ಸಮುದ್ರ ಕಂಡಿಲ್ಲ, ಅವಳಿಗೊಂದು ದ್ವೀಪ ತೋರಿಸಬೇಕೆಂದು ಹುಡುಗ ಹಟ ಹಿಡಿದ. ಮೂರು ಹಾಳೆಗಳನ್ನು ತಂದು ನನ್ನ ಮುಂದಿಟ್ಟು, "ಮಾಮಾ, ನೀವು ಕನ್ನಡ ಪ್ರೊಫೆಸರ್ ಇದ್ದೀರಿ. ಓದಿ ನೋಡಿ ಯಾವುದು ಛಲೋ ಅದ ಹೇಳ್ರಿ" ಎಂದ. ಪರೀಕ್ಷೆಯ ಉತ್ತರಪತ್ರಿಕೆಗಳನ್ನು ನೋಡುವ ಕಾಲವದು. ಅವುಗಳ ನಡುವೆ ಇವನ್ನೂ ಸೇರಿಸಿಕೊಂಡೆ.

ಮೊದಲನೆಯದು ಮುಂಬಯಿಯಿಂದ ಹೊರಡುವ ದೊಡ್ಡ ವಿಹಾರನೌಕೆಯದು. ಐದು ರಾತ್ರಿ. ಗೋವೆ, ಕೊಚ್ಚಿ, ನಡುವೆ ಒಂದು ಹಗಲು ಲಕ್ಷದ್ವೀಪ. ಎರಡನೆಯದು ಕೊಚ್ಚಿಯಿಂದ ಹೊರಡುವ ಲಕ್ಷದ್ವೀಪ ಆಡಳಿತದ ಹಡಗಿನದು. 'ಸಮುದ್ರಂ' ಎಂಬ ಹೆಸರಿನ ಐದು ದಿನದ ಪ್ರವಾಸ. ಕವರತ್ತಿ, ಕಲ್ಪೇನಿ, ಮಿನಿಕಾಯ್ ದ್ವೀಪಗಳಲ್ಲಿ ಹಗಲು ಇಳಿಯುವುದು, ರಾತ್ರಿ ಹಡಗಿಗೆ ಮರಳಿ ಮಲಗುವುದು. ಇದರ ವಿವರವನ್ನು ಒಬ್ಬ ಏಜೆಂಟರು ಒಂದೇ ಪುಟದಲ್ಲಿ ಟೈಪು ಮಾಡಿಸಿಕೊಟ್ಟಿದ್ದಾರೆ. ಮೂರನೆಯದು ಅಂಡಮಾನಿನದು, ದ್ವೀಪದಿಂದ ದ್ವೀಪಕ್ಕೆ ದೋಣಿಗಳಲ್ಲಿ ತಿರುಗುವ ಒಂದು ವಾರದ ಕಾರ್ಯಕ್ರಮ.

ಮೊದಲ ಹಾಳೆಯನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಹಳೆಯ ಮಹಾಕಾವ್ಯಗಳ ಅಷ್ಟಾದಶ ವರ್ಣನೆ. ಆ ಹದಿನೆಂಟರಲ್ಲಿ ಸಮುದ್ರವರ್ಣನೆಯೂ ಒಂದು. ಒಳನಾಡಿನ ಕವಿ ಸಮುದ್ರವನ್ನು ಕಂಡಿರಲಿ ಬಿಡಲಿ, ವರ್ಣಿಸಲೇಬೇಕಾಗಿತ್ತು. ನಮ್ಮ ಹಾಳೆಯ ಕವಿಯ ಪಾಡೂ ಇದೇ. 'ಸ್ವರ್ಗದ ತುಣುಕು', 'ಪಚ್ಚೆಯ ನೀರು', 'ಮರೆಯಲಾಗದ ಸೂರ್ಯಾಸ್ತ' ಮೊದಲಾದ ಮಾತುಗಳು ಸಾಲುಗಟ್ಟಿ ನಿಂತಿವೆ. ನಾನೊಂದು ಸಣ್ಣ ಪರೀಕ್ಷೆ ಮಾಡಿದೆ. ಲಕ್ಷದ್ವೀಪ ಎಂದಿರುವಲ್ಲೆಲ್ಲ ಮಾಲ್ದೀವ್ ಎಂದು ಬರೆದು ಓದಿದೆ. ಒಂದು ವಾಕ್ಯವೂ ಕೆಡಲಿಲ್ಲ. ಮಾರಿಷಸ್ ಎಂದು ಬರೆದೆ, ಆಗಲೂ ಕೆಡಲಿಲ್ಲ. ಹೆಸರು ಬದಲಿಸಿದರೂ ನಿಲ್ಲುವ ವರ್ಣನೆ ಯಾವ ಊರಿನ ವರ್ಣನೆಯೂ ಅಲ್ಲ. ಆಲಂಕಾರಿಕರು ಸ್ವಭಾವೋಕ್ತಿ ಎಂದು ಕರೆದ ಗುಣದ ಒಂದು ಹನಿಯೂ ಇಲ್ಲಿಲ್ಲ.

ಗೋವೆಯ ಮಾತನ್ನೇ ನೋಡಿರಿ. ಹಾಳೆಯಲ್ಲಿ ಗೋವೆಯೆಂದರೆ ಮರಳು ಮತ್ತು ಮೋಜು. ವಿಜಯಪುರದವನಿಗೆ ಅಷ್ಟೇ ಸಾಲದು. 1510ರಲ್ಲಿ ಪೋರ್ಚುಗೀಸರ ಆಲ್ಬುಕರ್ಕ್ ಅದನ್ನು ಕಸಿದುಕೊಂಡದ್ದು ನಮ್ಮ ಆದಿಲಶಾಹಿಗಳಿಂದ. ಹಳೆಯ ಗೋವೆ ಇರುವುದು ತೀಸವಾಡಿ ಎಂಬ ದ್ವೀಪದ ಮೇಲೆ. ಈ ಒಂದು ಮಾತು ಬರೆದಿದ್ದರೆ ಗೋಳಗುಮ್ಮಟದ ನೆರಳಲ್ಲಿ ಬೆಳೆದ ಓದುಗನಿಗೆ ಮೈ ಜುಮ್ಮೆನ್ನುತ್ತಿತ್ತು.

ಇನ್ನು ವೇಳೆಯ ಲೆಕ್ಕ. ಲಕ್ಷದ್ವೀಪದವು ಹವಳದ ದ್ವೀಪಗಳು. ಸುತ್ತಲಿನ ತಿಳಿನೀರು ಆಳವಿಲ್ಲ. ದೊಡ್ಡ ಹಡಗು ಹೊರಗೇ ಲಂಗರು ಹಾಕಿ, ಪ್ರಯಾಣಿಕರನ್ನು ಸಣ್ಣ ದೋಣಿಗಳಿಗೆ ಇಳಿಸಿ ದಡಕ್ಕೆ ಮುಟ್ಟಿಸಬೇಕು. ಸಮುದ್ರ ಒಪ್ಪದಿದ್ದರೆ ಇಳಿಸುವುದಿಲ್ಲವೆಂದು ಹಾಳೆಯ ಕೊನೆಗೆ ಇರುವೆಯಂಥ ಅಕ್ಷರಗಳಲ್ಲಿ ಅಚ್ಚಾಗಿದೆ. ಇಳಿಸಿದರೂ ಹೋಗಿಬರುವ ಹೊತ್ತು ಕಳೆದರೆ ದ್ವೀಪದಲ್ಲಿ ಉಳಿಯುವುದು ಕೆಲವೇ ತಾಸು. ಐದು ರಾತ್ರಿಯ ಪ್ರಬಂಧಕ್ಕೆ ದ್ವೀಪವೆಂಬ ಶೀರ್ಷಿಕೆ, ಒಳಗೆ ದ್ವೀಪಕ್ಕೊಂದು ಪ್ಯಾರಾ! ವಿದ್ಯಾರ್ಥಿ ಹೀಗೆ ಬರೆದಿದ್ದರೆ ನಾನು ಎಷ್ಟು ಅಂಕ ಕೊಡುತ್ತಿದ್ದೆನೆಂಬುದನ್ನು ಹೇಳಬೇಕಾಗಿಲ್ಲ.

ಮೂರನೆಯ ಹಾಳೆಯ ಮೇಲೆ, ನಿಜ ಹೇಳುವುದಾದರೆ, ನನಗೆ ಮೊದಲಿನಿಂದಲೂ ಪಕ್ಷಪಾತವಿತ್ತು. ಅದಕ್ಕೆ ಕಾರಣ ಪೂರ್ಣಚಂದ್ರ ತೇಜಸ್ವಿಯವರ 'ಅಲೆಮಾರಿಯ ಅಂಡಮಾನ್'. ಅದನ್ನು ಓದಿದವನಿಗೆ ಆ ದ್ವೀಪಗಳು ಚಿತ್ರಪಟವಾಗಿ ಉಳಿಯುವುದಿಲ್ಲ. ಇನ್ನೊಂದು ಹುಚ್ಚು ಕಾರಣವೂ ಉಂಟು. 2014ರ ನವೆಂಬರಿನಲ್ಲಿ ನಮ್ಮ ಬಿಜಾಪುರ ವಿಜಯಪುರವಾಯಿತು. 2024ರ ಸೆಪ್ಟೆಂಬರಿನಲ್ಲಿ ಅಂಡಮಾನಿನ ಪೋರ್ಟ್ ಬ್ಲೇರ್ ಶ್ರೀವಿಜಯಪುರಂ ಆಯಿತು. ವಿಜಯಪುರದಿಂದ ಹೊರಟು ಶ್ರೀವಿಜಯಪುರಂನಲ್ಲಿ ಇಳಿಯುವ ಪ್ರಾಸವನ್ನು ಯಾವ ಕನ್ನಡ ಮೇಷ್ಟರು ತಾನೆ ಬಿಟ್ಟಾರು? 1906ರಲ್ಲಿ ಕಟ್ಟಿ ಮುಗಿದ ಸೆಲ್ಯುಲರ್ ಜೈಲು ನೋಡುವುದೂ ಆ ಪಟ್ಟಿಯಲ್ಲಿದೆ. ಅದಕ್ಕಾಗಿಯೇ ಹೋಗಬಹುದು.

ಆದರೆ ನಾಲ್ಕನೆಯ ದಿನದ ಕಾರ್ಯಕ್ರಮದ ಒಂದು ಸಾಲು ಗಂಟಲಿಗೆ ಸಿಕ್ಕಿಕೊಂಡಿತು. ಬಾರಾಟಾಂಗಿನ ಸುಣ್ಣಕಲ್ಲಿನ ಗುಹೆಗಳಿಗೆ ಹೋಗುವ ದಾರಿಯಲ್ಲಿ 'ಅದೃಷ್ಟವಿದ್ದರೆ ಕಾಡುಜನರ ದರ್ಶನ' ಎಂದು ಬರೆದಿದ್ದರು. ಆ ರಸ್ತೆ ಜಾರವಾ ಜನರ ಮೀಸಲು ಕಾಡನ್ನು ಸೀಳಿಕೊಂಡು ಹೋಗುತ್ತದೆ. ಅದರ ಭಾಗಗಳನ್ನು ಮುಚ್ಚಬೇಕೆಂದು ಸರ್ವೋಚ್ಚ ನ್ಯಾಯಾಲಯ 2002ರಲ್ಲಿಯೇ ಹೇಳಿತ್ತು. ಅವರ ಛಾಯಾಚಿತ್ರ ತೆಗೆಯುವುದು ಅಪರಾಧ. ಹುಲಿ ಕಾಣುವುದು ಅದೃಷ್ಟವೆನ್ನುವ ಧಾಟಿಯಲ್ಲಿ ಮನುಷ್ಯರು ಕಾಣುವುದನ್ನು ಅದೃಷ್ಟವೆಂದ ಬರವಣಿಗೆಯನ್ನು ನಾನು ಒಪ್ಪಲಾರೆ. ಅಂಡಮಾನಿಗೆ ಎಂದಾದರೂ ಹೋದೇನು, ಈ ಹಾಳೆಯನ್ನು ಹಿಡಿದುಕೊಂಡು ಮಾತ್ರ ಹೋಗಲಾರೆ.

ಎರಡನೆಯ ಹಾಳೆ ಉಳಿಯಿತು. ಅದರಲ್ಲಿ ಉಪಮೆಯಿಲ್ಲ, ಉತ್ಪ್ರೇಕ್ಷೆಯಿಲ್ಲ. ಹಡಗು ಹೊರಡುವ ದಿನ, ದ್ವೀಪಗಳ ಹೆಸರು, ಊಟದ ವೇಳೆ, ಪ್ರವೇಶಕ್ಕೆ ಬೇಕಾದ ಪರವಾನಗಿ, ಇಷ್ಟೇ. ರೈಲ್ವೆಯ ವೇಳಾಪತ್ರಿಕೆಗೆ ಇದಕ್ಕಿಂತ ಹೆಚ್ಚು ರಸವುಂಟು. ಆದರೆ ಇದು ಒಂದು ಕಡೆಯೂ ಸುಳ್ಳಾಡಿಲ್ಲ. ದ್ವೀಪವೆಂದ ಕಡೆ ದ್ವೀಪವಿದೆ, ಹಗಲೆಂದರೆ ಹಗಲಿದೆ. ಗದ್ಯದ ಮೊದಲ ಧರ್ಮ ಇದೇ ಅಲ್ಲವೆ?

ಆದರೂ ತೃಪ್ತಿಯಾಗಲಿಲ್ಲ. ಏನೋ ಕೊರತೆಯಿದೆಯೆಂದು ಗೊತ್ತು, ಅದು ಏನೆಂದು ಹೊಳೆಯಲಿಲ್ಲ. ಅದನ್ನು ತೋರಿಸಿಕೊಟ್ಟವಳು ಅಕ್ಕ. ಒಂದು ಭಾನುವಾರ ತಿಕೋಟೆಗೆ ಹೋದೆ. ಒಣದ್ರಾಕ್ಷಿಯ ಶೆಡ್ಡಿನ ಪಕ್ಕದಲ್ಲಿ ಕುಳಿತು ಮೂರು ಹಾಳೆಗಳನ್ನೂ ಅವಳಿಗೆ ಓದಿ ಹೇಳಿದೆ. ಕಡ್ಡಿ ಆರಿಸುತ್ತ ಕೇಳಿದಳು. ಪಚ್ಚೆಯ ನೀರು ಬಂದಾಗ ತಲೆಯೆತ್ತಿದಳು.

"ತಮ್ಮಾ, ಸುತ್ತೆಲ್ಲ ಉಪ್ಪನೀರ ಅಂತಿ. ಅಲ್ಲಿ ಮಂದಿಗೆ ಕುಡಿಯಾಕ ನೀರ ಎಲ್ಲಿಂದ ಬರತಾವ?"

ಮೂರು ಹಾಳೆಗಳಲ್ಲಿ ಒಂದರಲ್ಲಿಯೂ ಇದಕ್ಕೆ ಉತ್ತರವಿಲ್ಲ. ಟ್ಯಾಂಕರಿನ ಮುಂದೆ ಕೊಡ ಸಾಲಿಗಿಟ್ಟು ಬೇಸಗೆ ಕಳೆದವಳು ಅಕ್ಕ. ಮಹಮ್ಮದ್ ಆದಿಲಶಾಹನ ಕಾಲದ ಮಮದಾಪುರದ ಕೆರೆ ತುಂಬಿತೋ ಇಲ್ಲವೋ ಎಂಬುದರ ಮೇಲೆ ವರ್ಷದ ಭವಿಷ್ಯ ಹೇಳುತ್ತಿದ್ದ ತವರು ಅವಳದು. ಏತ ನೀರಾವರಿಯಿಂದ ನಮ್ಮ ಕಡೆಯ ಕೆರೆಗಳಿಗೆ ನೀರು ಬಂದದ್ದು ಈಚಿನ ಮಾತು. ಹೊಸ ಊರನ್ನು ಅವಳು ಮೊದಲು ಅಳೆಯುವುದೇ ನೀರಿನಿಂದ. ನಮ್ಮ ಸೀಮೆಯ ವಿಮರ್ಶಾಸೂತ್ರ ಅದು.

ನಾನು ಓದಿ ತಿಳಿದಷ್ಟನ್ನು ಹೇಳಿದೆ. ಮಳೆಯ ನೀರು ಹವಳದ ಮರಳಿನಲ್ಲಿ ಇಂಗಿ, ಕೆಳಗಿನ ಉಪ್ಪುನೀರಿನ ಮೇಲೆ ತೆಳುವಾದ ಪದರವಾಗಿ ನಿಲ್ಲುತ್ತದೆ. ಬಾವಿ ತೋಡಿದರೆ ಸಿಗುವುದು ಅದು. ಹೆಚ್ಚು ಸೆಳೆದರೆ ಕೆಳಗಿನ ಉಪ್ಪು ಮೇಲೇರಿ ಬರುತ್ತದೆ. 2005ರಲ್ಲಿ ಕವರತ್ತಿಯಲ್ಲಿ ಒಂದು ಸ್ಥಾವರ ಹೂಡಿದರು. ಮೇಲಿನ ಬೆಚ್ಚಗಿನ ಕಡಲನೀರನ್ನು ಕಡಿಮೆ ಒತ್ತಡದಲ್ಲಿ ಆವಿ ಮಾಡಿ, ಆಳದಿಂದ ಎತ್ತಿದ ತಣ್ಣೀರಿನಿಂದ ಆ ಆವಿಯನ್ನು ತಂಪಿಸಿ, ದಿನಕ್ಕೆ ಒಂದು ಲಕ್ಷ ಲೀಟರ್ ಸಿಹಿನೀರು ಮಾಡುವ ಏರ್ಪಾಡು ಅದು. ಜನವಸತಿಯ ದ್ವೀಪಗಳು ಹತ್ತು; ಎಲ್ಲ ದ್ವೀಪಗಳ ನೆಲ ಸೇರಿ 32 ಚದರ ಕಿಲೋಮೀಟರು; 2011ರ ಜನಗಣತಿಯಲ್ಲಿ ಅರವತ್ತನಾಲ್ಕು ಸಾವಿರಕ್ಕೂ ಮಿಕ್ಕ ಜನ.

ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಹಂಗಾರ ನಾವು ನೂರಾರು ಮಂದಿ ಹೋಗಿ ಇಳದರ ಅವರ ಪಾಲಿನ ನೀರು ನಾವು ಕುಡದಂಗ ಆಗೂದಿಲ್ಲೇನ?" ಎಂದಳು.

ನಮ್ಮ ಪ್ರವಾಸ ಸಾಹಿತ್ಯದ ದೊಡ್ಡವರು ಹೇಗೆ ಬೇರೆಯಾಗುತ್ತಾರೆಂಬುದು ನನಗೆ ಆಗ ತಿಳಿಯಿತು. ಗೋಕಾಕರು 1936ರಲ್ಲಿ ಆಕ್ಸ್‌ಫರ್ಡಿಗೆ ಹೋದದ್ದು ಹಡಗಿನಲ್ಲಿ. ಸಮುದ್ರ ಅವರಿಗೆ ವಿಹಾರದ ತೋಟವಾಗಿರಲಿಲ್ಲ, ದಾಟಬೇಕಾದ ದಾರಿಯಾಗಿತ್ತು. 'ಸಮುದ್ರಗೀತೆಗಳು', 'ಸಮುದ್ರದಾಚೆಯಿಂದ' ಎರಡೂ ಆ ದಾರಿಯ ಫಲ. ಇಂಥವರು ಹೋದ ಊರಿನಲ್ಲಿ ಜನ ಹೇಗೆ ಬದುಕುತ್ತಾರೆಂದು ಕೇಳಿದರು. ಕೇಳುವಾಗ ತಮ್ಮ ಊರನ್ನು ಜೊತೆಗೆ ಒಯ್ದರು. ಹಾಳೆ ಬರೆಯುವವರು ಓದುಗನ ಊರನ್ನು ಮನೆಯಲ್ಲಿಯೇ ಬಿಟ್ಟು ಬಾ ಎನ್ನುತ್ತಾರೆ.

ಎರಡನೆಯ ಹಾಳೆ ಇಷ್ಟು ಒಳ್ಳೆಯದಾಗಿಯೂ ಏಕೆ ಬಡವಾಯಿತೆಂಬುದಕ್ಕೂ ಕಾರಣ ಇದೇ. ಮಿನಿಕಾಯ್‌ಯಲ್ಲಿ ಮಾತ್ರ ಮಹಲ್ ಎಂಬ ನುಡಿ, ಉಳಿದ ಕಡೆ ಮಲಯಾಳದ ಒಂದು ಬಗೆ. ಈ ಮಾತು ಅದರಲ್ಲಿಲ್ಲ. ಅಮಿನಿ, ಕದಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ಸೇರಿದ ಅಮಿನದೀವಿ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಆ ವರ್ಷದ ನವೆಂಬರ್ 1ರಂದು, ಮುಂಬಯಿ ಪ್ರಾಂತದಿಂದ ಬಿಡಿಸಿಕೊಂಡು ನಮ್ಮ ಜಿಲ್ಲೆ ಕನ್ನಡ ನಾಡನ್ನು ಕೂಡಿದ ದಿನವೇ, ಅವು ಮಂಗಳೂರಿನ ಆಡಳಿತವನ್ನು ಬಿಟ್ಟು ಕೇಂದ್ರಾಡಳಿತಕ್ಕೆ ಹೋದವು. ನಾವು ಒಳಗೆ ಬಂದ ದಿನ ಹೊರಗೆ ಹೋದವರು ಅವರು. ಈ ಐದು ದ್ವೀಪಗಳಲ್ಲಿ ಒಂದೂ ಮೂರು ಹಾಳೆಗಳ ಪಟ್ಟಿಯಲ್ಲಿಲ್ಲ.

ಕೊನೆಗೆ ತೀರ್ಪು ಕೊಡಲೇಬೇಕು. ನಾನು ಎರಡನೆಯ ಹಾಳೆಗೆ ಮತ ಹಾಕಿದೆ. ಕಾರಣ ಎರಡು. ಮೂರು ದ್ವೀಪಗಳಿಗೆ ಮೂರು ಹಗಲು ಸಿಗುತ್ತವೆ. ರಾತ್ರಿ ಹಡಗಿನಲ್ಲಿಯೇ ಮಲಗುವುದರಿಂದ ದ್ವೀಪದ ಬಾವಿಗಳ ಮೇಲೆ ನಮ್ಮ ಸ್ನಾನದ ಭಾರ ಬೀಳುವುದಿಲ್ಲ. ಅಕ್ಕನ ಪ್ರಶ್ನೆಗೆ ಇದು ಪೂರ್ತಿ ಉತ್ತರವಲ್ಲ, ಅರ್ಧವಾದರೂ ಹೌದು. ಅಳಿಯನಿಗೆ ಎರಡು ಕೆಲಸ ಹೇಳಿದ್ದೇನೆ. ತೂಗಾಡುವ ಹಡಗಿನಿಂದ ಸಣ್ಣ ದೋಣಿಗೆ ಇಳಿಯುವುದು ಮೊಣಕಾಲು ನೋವಿನವರಿಗೆ ಸಾಧ್ಯವೇ ಎಂದು ಹಣ ಕಟ್ಟುವ ಮೊದಲು ಕೇಳಬೇಕು. ಪರವಾನಗಿಯ ಕಾಗದಗಳನ್ನು ಮೊದಲೇ ಸಿದ್ಧಪಡಿಸಬೇಕು.

ದಿನವನ್ನು ಗೊತ್ತುಮಾಡಿದವಳು ಅಕ್ಕನೇ. ಒಣದ್ರಾಕ್ಷಿ ಪೇಟೆಗೆ ಹೋಗಬೇಕು, ಏಪ್ರಿಲ್ ಚಾಟ್ನಿ ಮುಗಿಯಬೇಕು, ಮಳೆಗಾಲದ ಕಡಲು ಕೆಡುವುದರೊಳಗೆ ಮರಳಿ ಬರಬೇಕು. ನಡುವೆ ಸಿಗುವುದು ಬಸವ ಜಯಂತಿಯ ಆಸುಪಾಸಿನ ಹದಿನೈದು ದಿನ. ಹೊರಡುವಾಗ ತಿಕೋಟೆಯ ಒಣದ್ರಾಕ್ಷಿಯ ಒಂದು ಗಂಟು ಜೊತೆಗೆ ಬರುತ್ತದಂತೆ. "ನೀರು ಕೊಟ್ಟವರಿಗೆ ಬರಿಗೈಲೆ ಹ್ಯಾಂಗ ಹೋಗೂದು?" ಎಂದಳು. ನಾನು ಹಾಳೆಗಳನ್ನು ಮಡಿಸಿ ಅಳಿಯನ ಕೈಗೆ ಕೊಟ್ಟೆ.