ಮುಟ್ಟುವ ವಿದ್ಯೆ, ಮುಟ್ಟದ ಪಾಠ

ಫಿಸಿಯೋಥೆರಪಿ ಮುಟ್ಟುವ ವಿದ್ಯೆ. ಅದನ್ನು ಕಲಿಸುವ ನಾವು ಸ್ಪರ್ಶದ ಚರಿತ್ರೆಯನ್ನು ಇಂಗ್ಲೆಂಡಿಗಷ್ಟೇ ಬಿಟ್ಟುಕೊಟ್ಟಿದ್ದೇವೆ. 1894ರಲ್ಲಿ ಲಂಡನ್ನಿನ ಮಸಾಜ್ ಮನೆಗಳು ವೇಶ್ಯಾವಾಟಿಕೆಗಳೆಂಬ ಗುಲ್ಲೆದ್ದಾಗ ನಾಲ್ವರು ದಾದಿಯರು ತರಬೇತಿ ಪಡೆದ ಮಸಾಜುಗಾರ್ತಿಯರ ಸಂಘ ಕಟ್ಟಿದರು. ವೈದ್ಯರ ಶಿಫಾರಸು, ಪರೀಕ್ಷೆ, ನಿಯಮ ಇವೆಲ್ಲ ತಮ್ಮ ಕೈ ಶುದ್ಧವೆಂಬುದಕ್ಕೆ ಅವರು ಒದಗಿಸಿದ ಸಾಕ್ಷಿಗಳು. ದೇಹವನ್ನು ಯಂತ್ರವೆಂದು ನೋಡುವ ದೃಷ್ಟಿಯೂ ಈ ಮಡಿಗೆ ನೆರವಾಯಿತು ಅಂತ ಡೇವಿಡ್ ನಿಕೋಲ್ಸ್ ವಾದಿಸುತ್ತಾರೆ.

ನಮ್ಮಲ್ಲಿ ಸ್ಪರ್ಶದ ಕಳಂಕ ಲೈಂಗಿಕತೆಯದ್ದು ಮಾತ್ರವಲ್ಲ, ಜಾತಿಯದ್ದು. ಮೈ ನೀವಿದ ಕ್ಷೌರಿಕನ ಕೈ, ಹೆರಿಗೆ ಮಾಡಿಸಿದ ಕೇರಿಯ ಸೂಲಗಿತ್ತಿಯ ಕೈ ಊರಿಗೆ ಬೇಕಿತ್ತು. ಆಮೇಲೆ ಮೈಲಿಗೆ ಕಳೆಯೋ ಸ್ನಾನವೂ ಬೇಕಿತ್ತು. ಅಸ್ಪೃಶ್ಯತೆಯ ನೆಲೆ ಮುಟ್ಟಲೊಲ್ಲದವನೇ ಎನ್ನುತ್ತಾರೆ ಸುಂದರ್ ಸರುಕ್ಕೈ. ಈ ಮಾತನ್ನು ನಮ್ಮ ಪ್ರಾಯೋಗಿಕ ತರಗತಿಗೆ ತರಬೇಕು. ಅಲ್ಲಿ ವಿದ್ಯಾರ್ಥಿಗಳು ಒಬ್ಬರ ಮೈಮೇಲೆ ಇನ್ನೊಬ್ಬರು ಕೈಯಿಟ್ಟು ಕಲೀತಾರೆ. ಯಾರು ಯಾರಿಗೆ ಜೋಡಿಯಾಗ್ತಾರೆ, ಯಾರು ಒಂಟಿಯಾಗಿ ಉಳೀತಾರೆ? ನಾನು ಕಲಿಸುವ ಪಠ್ಯಕ್ಕೆ ಈ ಪ್ರಶ್ನೆಯೇ ಇಲ್ಲ. ಯಂತ್ರಕ್ಕೆ ಜಾತಿ ಎಲ್ಲಿಂದ ಬರಬೇಕು!

ಸ್ನಾಯುಗಳ ಹೆಸರಿನ ಜೊತೆ ಸೂಲಗಿತ್ತಿಯ ಕೈಯೂ ಪಾಠವಾಗಲಿ. 2021ರ ಕೇಂದ್ರ ಕಾಯ್ದೆ ನಮ್ಮ ವೃತ್ತಿಗೆ ಮಾನ್ಯತೆ ಕೊಟ್ಟಿದೆ. ಆ ಕೈಗೆ ಕೊಡಬೇಕಾದವರು ನಾವು.