ರೆನ್-ಮಾರ್ಟಿನ್ನರೂ ಮಾರಿಕುಪ್ಪಂ ಗಾಡಿಯೂ

ರೆನ್ ಮತ್ತು ಮಾರ್ಟಿನ್ ಎಂಬ ಇಬ್ಬರು ಮಹನೀಯರ ಹೆಸರನ್ನು ಕೇಳದ ಮನೆ ನಮ್ಮ ಪಟ್ಟಣಗಳಲ್ಲಿ ವಿರಳ. ಅವರ ಇಂಗ್ಲಿಷ್ ವ್ಯಾಕರಣ 1930ರ ದಶಕದಲ್ಲಿ ಹೊರಬಂದದ್ದು, ಎನ್. ಡಿ. ವಿ. ಪ್ರಸಾದರಾವ್ ಅವರ ಪರಿಷ್ಕರಣದೊಡನೆ ಇಂದಿಗೂ ಅಂಗಡಿಗಳಲ್ಲಿ ದೊರೆಯುತ್ತದೆ. ಅಪ್ಪ ಓದಿದ ಪ್ರತಿಯನ್ನೇ ಮಗನೂ ಓದುವಂಥ ಪುಸ್ತಕ, ರಾಮಾಯಣ ಭಾರತಗಳನ್ನು ಬಿಟ್ಟರೆ, ನಮ್ಮಲ್ಲಿ ಇನ್ನೊಂದಿರಲಾರದು. ಆದರೆ ಅದಕ್ಕೆ ಹೆದರಿದವರು ಹೆಚ್ಚು, ಒಂದು ಕೃತಿಯೆಂದು ಅದನ್ನು ಪರೀಕ್ಷಿಸಿದವರು ಕಡಿಮೆ.

ಪರೀಕ್ಷಿಸಿದರೆ ಮೊದಲು ಕಾಣುವುದು ಒಂದು ವಿಚಿತ್ರ. ಈ ರೆನ್ ಸಾಹೇಬರು 1924ರಲ್ಲಿ ‘ಬೋ ಜೆಸ್ಟ್’ ಎಂಬ ಕಾದಂಬರಿ ಬರೆದು ಹೆಸರಾದವರು. ಮರಳುಗಾಡು, ಕೋಟೆ, ಫ್ರೆಂಚರ ಪರದೇಶಿ ಪಡೆ, ಎಲ್ಲ ಅದರಲ್ಲುಂಟು. ಅಂಥವರ ವ್ಯಾಕರಣದ ಅಭ್ಯಾಸಗಳಲ್ಲಿ ವಾಕ್ಯಗಳನ್ನು ಯಾರು, ಯಾರಿಗೆ, ಏಕೆ ಹೇಳಿದರೆಂಬುದು ತಿಳಿಯುವುದೇ ಇಲ್ಲ. ಅಂಕಿ ಹೊತ್ತುಕೊಂಡು ಒಂದರ ಕೆಳಗೊಂದು ನಿಂತಿರುತ್ತವೆ. ಫೌಲರ್ ಸೋದರರು 1906ರಲ್ಲಿ ಜೊತೆಯಾಗಿ ಬರೆದ ‘ದಿ ಕಿಂಗ್ಸ್ ಇಂಗ್ಲಿಷ್’ ಇದಕ್ಕೆ ವಿರುದ್ಧ. ಅವರು ಪತ್ರಿಕೆಗಳಿಂದಲೂ ಪ್ರಸಿದ್ಧ ಲೇಖಕರಿಂದಲೂ ತಪ್ಪುಗಳನ್ನು ಆರಿಸಿ ತಂದು, ಇಂಥವರದೆಂದು ತೋರಿಸಿ ಚರ್ಚಿಸಿದರು. ಅಲ್ಲಿ ತಪ್ಪಿಗೂ ಒಬ್ಬ ಒಡೆಯನಿದ್ದಾನೆ.

ರೆನ್-ಮಾರ್ಟಿನ್ನರ ಈ ಕೊರತೆ ತುಂಬಿಬಂದದ್ದನ್ನು ನಾನು ಕಂಡದ್ದು ರೈಲಿನಲ್ಲಿ. ಬಂಗಾರಪೇಟೆಯಿಂದ (ಹಿಂದೆ ಅದು ಬೌರಿಂಗ್‌ಪೇಟೆ) ಮಾರಿಕುಪ್ಪಂವರೆಗಿನ ಹಳಿ 1894ರಲ್ಲಿ ಚಿನ್ನದ ಗಣಿಗಳಿಗಾಗಿ ಬಂದದ್ದು. 28 ಫೆಬ್ರವರಿ 2001ರಂದು ಗಣಿಗಳು ಮುಚ್ಚಿದ ಮೇಲೆ ಆ ಹಳಿಯ ಮೇಲೆ ಮುಖ್ಯವಾಗಿ ಮನುಷ್ಯರೇ ಸಾಗುತ್ತಾರೆ, ಬೆಂಗಳೂರಿನ ಕೆಲಸಗಳಿಗೆ. ಕೆಲವು ವರ್ಷಗಳ ಹಿಂದೆ ನಾನು ಹೋಗಿಬರುತ್ತಿದ್ದ ಡಬ್ಬಿಯಲ್ಲಿ ನಾಲ್ಕಾರು ತರುಣರು, ಒಬ್ಬ ನಿವೃತ್ತ ಗುಮಾಸ್ತರು, ಮತ್ತು ಬೆನ್ನು ಹರಿದ ಒಂದು ರೆನ್-ಮಾರ್ಟಿನ್. ಮನೆಮಾತು ಒಬ್ಬನದು ತಮಿಳು, ಒಬ್ಬನದು ತೆಲುಗು, ಇನ್ನೊಬ್ಬನದು ಕನ್ನಡ.

ಒಂದು ದಿನ ವಿಭಕ್ತಿಯ ಜಗಳ ಎದ್ದಿತು. ಕನ್ನಡದ ‘ಅಲ್ಲಿ’ ಎಷ್ಟು ಉದಾರಿ! ರೈಲಿನಲ್ಲಿ, ಗಣಿಯಲ್ಲಿ, ಮಾರಿಕುಪ್ಪಂನಲ್ಲಿ. ಇಂಗ್ಲಿಷಿನವನಿಗೆ ಮೂರಕ್ಕೂ ಬೇರೆಬೇರೆ: ಆನ್, ಇನ್, ಅಟ್. ತಮಿಳಿನ ‘ಇಲ್’, ತೆಲುಗಿನ ‘ಲೋ’ ಸಹ ನಮ್ಮ ‘ಅಲ್ಲಿ’ಯ ದಾಯಾದಿಗಳೇ. ಒಬ್ಬ ಹುಡುಗ ಕೆಲಸದ ಸಂದರ್ಶನಕ್ಕೆಂದು ತನ್ನ ತಂದೆಯ ವಿಷಯ ಬರೆಯುತ್ತಿದ್ದ. ಗುಮಾಸ್ತರು “ಅಟ್ ದಿ ಮೈನ್ ಅಂತ ಬರಿಯಪ್ಪ, ಅದೇ ಶುದ್ಧ” ಎಂದರು. ಹುಡುಗನ ಜೊತೆಗೆ ಬಂದಿದ್ದ ಅವನ ದೊಡ್ಡಪ್ಪ, ಅವರೂ ಗಣಿಯಲ್ಲಿ ದುಡಿದವರು, ಅರ್ಥ ಕೇಳಿ ತಿಳಿದುಕೊಂಡು, “ನೀವು ಅಟ್, ಸ್ವಾಮಿ, ನೀವು ಆಫೀಸಿನವರು. ಕೆಳಗೆ ಇಳಿದವರು ನಾವು, ನಮಗೆ ಇನ್ ಹಾಕಬೇಕು” ಎಂದರು. ಗುಮಾಸ್ತರು ಮಾತನಾಡಲಿಲ್ಲ. ಪುಸ್ತಕ ತೆರೆದು ನೋಡಿದರು. ನಿಯಮವಿತ್ತು, ಮೇಲೆ ನಿಂತವನಾರು ಕೆಳಗಿಳಿದವನಾರು ಎಂಬುದಿರಲಿಲ್ಲ.

ಹಾಗೆಂದು ಕೂಡಿ ಕಲಿಯುವುದೇ ಸಾಕು, ಪುಸ್ತಕ ಬೇಡ ಎನ್ನುವವನು ನಾನಲ್ಲ. ‘ಹತ್ತು ವರ್ಷದಿಂದ’ ಎನ್ನುವ ನಮ್ಮ ನಾಲಗೆಗೆ ‘ಸಿನ್ಸ್ ಟೆನ್ ಇಯರ್ಸ್’ ಎಂಬುದು ತೀರ ಸಹಜ. ಡಬ್ಬಿಯಲ್ಲಿ ಎಲ್ಲರೂ ಅದನ್ನು ಒಮ್ಮತದಿಂದ ಸರಿಯೆಂದರು! ಒಂದೇ ತಪ್ಪನ್ನು ಎಲ್ಲರೂ ಮಾಡುವಾಗ ತಿದ್ದುವವರು ಯಾರು? ಅಲ್ಲಿ ರೆನ್-ಮಾರ್ಟಿನ್ನರು ಗೆದ್ದರು: ಕಾಲದ ಅಳತೆಗೆ ಫಾರ್, ಆರಂಭದ ಬಿಂದುವಿಗೆ ಸಿನ್ಸ್. ಇಷ್ಟು ಚೊಕ್ಕವಾಗಿ ಹೇಳುವ ಶಕ್ತಿ ಅವರಿಗುಂಟು, ಅದನ್ನು ಅಲ್ಲಗಳೆಯಲಾಗದು.

ಆದರೆ ಅದೇ ಹುಡುಗನ ವಾಕ್ಯ ಇನ್ನೂ ಮುಗಿದಿರಲಿಲ್ಲ. ‘ಮೈ ಫಾದರ್ ಹ್ಯಾಸ್ ವರ್ಕ್ಡ್ ಇನ್ ದಿ ಮೈನ್ ಫಾರ್ ಟ್ವೆಂಟಿಟೂ ಇಯರ್ಸ್’ ಎಂದು ಬರೆದಿದ್ದ. ಇನ್ ಸರಿಯಾಯಿತು, ಫಾರ್ ಸರಿಯಾಯಿತು. ಕನ್ನಡದಲ್ಲಿ ‘ಇಪ್ಪತ್ತೆರಡು ವರ್ಷ ಗಣಿಯಲ್ಲಿ ಕೆಲಸ ಮಾಡಿದ್ದಾರೆ’ ಎಂದರೆ ಯಾರೂ ತಡೆಯರು, ಗಣಿ ಇರಲಿ ಬಿಡಲಿ. ಇಂಗ್ಲಿಷಿನ ಆ ‘ಹ್ಯಾಸ್’ ಮಾತ್ರ ತಂದೆಯನ್ನು ಇಂದಿಗೂ ಕೆಳಗಿಳಿಸುತ್ತಲೇ ಇರುತ್ತದೆ. ಗುಮಾಸ್ತರು ಅದನ್ನು ವಿವರಿಸಿದಾಗ ಹುಡುಗ ಆ ಪದ ಹೊಡೆದುಹಾಕಲು ತುಸು ತಡಮಾಡಿದ. ಅವನ ಸಂಕೋಚ ವ್ಯಾಕರಣದ್ದೆಂದು ನನಗೆ ತೋರಲಿಲ್ಲ. ಕೊನೆಗೆ ಹೊಡೆದ. ದೊಡ್ಡಪ್ಪ ಕಿಟಕಿಯ ಕಡೆ ತಿರುಗಿದರು.

ನಮ್ಮ ವ್ಯಾಕರಣಗಳು ಭೂತಕಾಲವನ್ನು ಮೂರಾಗಿ ನಾಲ್ಕಾಗಿ ಸೀಳಿ ಹೆಸರಿಡುತ್ತವೆ. ಯಾವ ಹೆಸರಿನಲ್ಲಿ ಏನು ಕಳೆದುಹೋಗುತ್ತದೆಂದು ಹೇಳುವ ಗೋಜಿಗೆ ಹೋಗುವುದಿಲ್ಲ. ಮುಂದೆ ಈ ಪುಸ್ತಕವನ್ನು ಪರಿಷ್ಕರಿಸುವವರು ಕಾಲಗಳ ಅಧ್ಯಾಯದಲ್ಲಿ ಇಂಥ ನಾಲ್ಕು ವಾಕ್ಯಗಳನ್ನು, ಹೇಳಿದವರಾರು, ಯಾವ ಊರಿನವರು ಎಂಬ ಟಿಪ್ಪಣಿಯೊಡನೆ ಸೇರಿಸಿದರೆ, ಪುಟ ಹೆಚ್ಚಿ ಬೆಲೆ ಏರಿದರೂ ನಾನೊಂದು ಪ್ರತಿ ಕೊಳ್ಳುತ್ತೇನೆ.